ಬೋಲ್ಟಿಗೆ ಎಳೆದ ಕುಂಕುಮ

ಅಮೆರಿಕದ ಗೈದರ್ಸ್‌ಬರ್ಗ್‌ನಿಂದ ಮಾರಿಸ್‌ವಿಲ್‌ಗೆ ಮನೆ ಬದಲಾಯಿಸಲು ಹಳೆಯ ಟ್ರೇಲರ್ ಕೊಂಡಿದ್ದೆ. ಅದರ ಭಾರವೆಲ್ಲ ಕಾರಿನ ಹಿಂಭಾಗದ ಮೇಲೇ ಬೀಳದಂತೆ ಹಂಚಲು ಎರಡು ಕಂಬಿಗಳಿರುತ್ತವೆ. ಅವುಗಳ ಬ್ರಾಕೆಟ್‌ಗಳನ್ನು ಮ್ಯಾನ್ಯುಯಲ್ ನೋಡಿಕೊಂಡು ಟ್ರೇಲರಿನ ಫ್ರೇಮಿಗೆ ನಾನೇ ಬಿಗಿದೆ. ಹೆಂಡತಿ ಸ್ಮಿತಾ ಪೂಜೆ ಮಾಡಲು ಬಂದು, ಕುಂಕುಮ ಕಲಸಿ, ಪ್ರತಿ ಬೋಲ್ಟಿನಿಂದ ಫ್ರೇಮಿನವರೆಗೂ ಒಂದು ಗೀರು ಎಳೆದಳು.

"ಟಾರ್ಕ್ ರೆಂಚಲ್ಲಿ ಅಳತೆ ನೋಡಿ ಟೈಟ್ ಮಾಡಿದೀನಿ ಕಣೇ. ಇದೆಲ್ಲ ಬೇಕಾ?"

"ಸುಮ್ನಿರು, ನಿನ್ನ ರೆಂಚಿಗೂ ಹಚ್ತೀನಿ."

ದಾರಿಯಲ್ಲಿ ವರ್ಜೀನಿಯಾದ ರೆಸ್ಟ್ ಏರಿಯಾದಲ್ಲಿ ನಿಂತಾಗ ವಯಸ್ಸಾದ ಟ್ರಕ್ ಡ್ರೈವರ್ ಒಬ್ಬ ನಮ್ಮ ಟ್ರೇಲರನ್ನು ಬಗ್ಗಿ ನೋಡಿ ನನ್ನನ್ನು ಕರೆದ. ಒಂದು ಗೀರು ಎರಡು ತುಂಡಾಗಿತ್ತು. ಬೋಲ್ಟ್ ತಿರುಗಿ ಸಡಿಲಗೊಂಡಿತ್ತು. ಇನ್ನಷ್ಟು ದೂರ ಹೋಗಿದ್ದರೆ ಬ್ರಾಕೆಟ್ ಕಳಚಿ, ಟ್ರೇಲರ್ ಹೊಯ್ದಾಡಿ, ನಾವಿಬ್ಬರೂ ರಸ್ತೆಯಿಂದ ಆಚೆ ಬೀಳುತ್ತಿದ್ದೆವು.

"ಗುರುತು ಹಾಕಿದ್ದಕ್ಕೆ ಕಣ್ಣಿಗೆ ಬಿತ್ತು. ಬೋಲ್ಟ್ ತಿರುಗಿದರೆ ಗೊತ್ತಾಗಲಿ ಅಂತ ಮೆಕ್ಯಾನಿಕ್‌ಗಳು ಹೀಗೇ ಗೀರು ಎಳೆಯುತ್ತಾರೆ. ನಿಮ್ಮ ಮೆಕ್ಯಾನಿಕ್ ಯಾರು?" ಎಂದು ಕೇಳಿದ.

ಸ್ಮಿತಾಳತ್ತ ಕೈ ತೋರಿಸಿದೆ. ಅವನು ಟೋಪಿ ತೆಗೆದು ಅವಳಿಗೆ ತಲೆಬಾಗಿದ. ಆಮೇಲೆ ನನ್ನೊಂದಿಗೆ ನೆಲದ ಮೇಲೆ ಮಲಗಿ ಎಲ್ಲ ಬೋಲ್ಟ್‌ಗಳನ್ನೂ ಮತ್ತೆ ಬಿಗಿಸಿದ. ಥ್ಯಾಂಕ್ಸ್ ಹೇಳಿ ಮುಗಿಸುವಷ್ಟರಲ್ಲಿ ತನ್ನ ಟ್ರಕ್ ಹತ್ತಿದ್ದ.

ಹೊರಡುವ ಮುಂಚೆ, "ಕುಂಕುಮ ಎಲ್ಲಿದೆ?" ಎಂದು ನಾನೇ ಕೇಳಿದೆ.

"ನಿನ್ನ ರೆಂಚ್ ಪಕ್ಕಾನೇ ಇಟ್ಟಿದೀನಿ," ಅಂದಳು.