ಆಯಿ ಆರಿಸಿ ಚೆಲ್ಲಿದ ಬಿಳಿ ಕಾಳು

ಆಯಿಯ ಬಲಗೈ ಕಿರುಬೆರಳಿನ ಉಗುರು ಉದ್ದವಿತ್ತು, ಅರಿಸಿನ ಹತ್ತಿ ಹಳದಿಯಾಗಿತ್ತು. ಮೊರದಲ್ಲಿ ಅಕ್ಕಿ ಹರವಿಕೊಂಡು ಕುಳಿತರೆ ಆ ಉಗುರು ಕೋಳಿಯ ಕೊಕ್ಕಿನ ಹಾಗೆ ಓಡಾಡುತ್ತಿತ್ತು. ಕಲ್ಲು, ನೆಲ್ಲು, ಹುಳ ಯಾವುದೂ ಅದರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವಳು ನಮ್ಮ ಯಾರ ಅಜ್ಜಿಯೂ ಅಲ್ಲ. ದೊಡವಾಡದ ಹತ್ತಿರದ ನಮ್ಮೂರಿನ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ಆಯಿ ಆರಿಸಿದ ಅಕ್ಕಿಯನ್ನು ಕಣ್ಣು ಮುಚ್ಚಿ ಉಣ್ಣಬಹುದು ಎಂದು ಊರೆಲ್ಲ ಹೇಳುತ್ತಿತ್ತು. ಆ ಮಾತಿನ ಮೇಲೆ ಅವಳಿಗೆ ಜೀವ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯ ಅಕ್ಕಿಯಲ್ಲಿ ಬೇರೆ ಥರದ ಕಾಳು ಕಾಣತೊಡಗಿದವು. ಉಳಿದವಕ್ಕಿಂತ ತುಸು ಬಿಳಿ. ತೊಳೆಯುವಾಗ ಕೆಲವು ನೀರಿನ ಮೇಲೆ ತೇಲುತ್ತಿದ್ದವು. ಆಯಿ ಒಂದನ್ನೂ ಬಿಡದೆ ಆರಿಸಿ ತಿಪ್ಪೆಗೆ ಚೆಲ್ಲುತ್ತಿದ್ದಳು. ಶಾಲೆಯ ಪಕ್ಕದ ಮನೆಯೇ ಅವಳದು. ಅವಳ ಕೋಳಿಗಳು ಬಂದು ಹೆಕ್ಕುತ್ತಿದ್ದವು.

"ಪ್ಲಾಸ್ಟಿಕ್ ಅಕ್ಕಿ ಅಂತ ಇದು. ನನ್ನ ಕೈಯಿಂದ ನಿಮ್ಮ ಹೊಟ್ಟ್ಯಾಗ ಅದು ಹೋಗಬಾರದು" ಎನ್ನುತ್ತಿದ್ದಳು.

ಆ ವರ್ಷ ಖೋ-ಖೋ ಅಭ್ಯಾಸದಲ್ಲಿ ಕಣ್ಣಿಗೆ ಕತ್ತಲೆ ಬಂದು ನಾನು ಕಂಬದ ಬುಡದಲ್ಲೇ ಬಿದ್ದೆ. ಆರೋಗ್ಯ ಕೇಂದ್ರದ ಸಿಸ್ಟರ್ ಬಂದು ಹುಡುಗಿಯರೆಲ್ಲರ ರಕ್ತ ನೋಡಿದರು. ಬಹಳ ಮಂದಿಗೆ ಕಡಿಮೆ ಇತ್ತು. ನನಗೆ ಗುಳಿಗೆ ಕೊಟ್ಟು, "ರಕ್ತ ಏರೂತನಕ ಆಟ ಬ್ಯಾಡ" ಎಂದರು. ಬೈಲಹೊಂಗಲದ ತಾಲೂಕು ಪಂದ್ಯ ಕೈತಪ್ಪಿತು.

ಹೊರಡುವಾಗ ಅವರು ಅಡುಗೆಮನೆಗೆ ಇಣುಕಿದರು. ಮೊರದ ಪಕ್ಕ ಬಿಳಿ ಕಾಳಿನ ಸಣ್ಣ ಗುಡ್ಡೆ.

"ಇವನ್ಯಾಕ ತಗದೀರಿ ಆಯಿ?"

"ಪ್ಲಾಸ್ಟಿಕ್ ಅಲ್ಲೇನ್ರಿ ಅದು?"

"ಅಕ್ಕಿ ಹಿಟ್ಟರೀ. ಕಬ್ಬಿಣದ ಅಂಶ, ಜೀವಸತ್ವ ಕೂಡಿಸಿ ಕಾಳಿನಂಗ ಮಾಡಿರ್ತಾರ. ಬೆಳಿಯೋ ಹುಡುಗ್ಯಾರಿಗೆ ರಕ್ತ ಆಗ್ಲಿ ಅಂತ."

ಅಡುಗೆಯ ಸಹಾಯಕಿ ತಡೆಯಲಾರದೆ, "ಅದಕ್ಕ ನೋಡ ಆಯಿ, ನಿನ್ನ ಹುಂಜ ಮಾಳಗಿ ಮ್ಯಾಲೆ ಹಾರತೈತಿ, ಹುಡುಗ್ಯಾರು ನೆಲಕ್ಕ ಬೀಳತಾರ" ಎಂದಳು. ನಾವೆಲ್ಲ ನಕ್ಕೆವು. ಆಯಿ ನಗಲಿಲ್ಲ.

ಮರುದಿನದಿಂದ ಬಿಳಿ ಕಾಳು ಅನ್ನದಲ್ಲೇ ಉಳಿದವು. ಸುದ್ದಿ ಮನೆಮನೆಗೆ ಮುಟ್ಟಿ ತಾಯಂದಿರು ಶಾಲೆಯ ಅಂಗಳಕ್ಕೆ ಬಂದರು. ಎಲ್ಲರಿಗಿಂತ ಮುಂದೆ ನನ್ನವ್ವ.

"ನಿನ್ನ ನಂಬಿದ್ವಿ ಆಯಿ. ನೀನೂ ಪ್ಲಾಸ್ಟಿಕ್ ಬೇಸಾಕ ಹತ್ತಿದೇನ? ನನ್ನ ಮಗಳು ಇನ್ನ ಇಲ್ಲಿ ಉಣ್ಣೂದಿಲ್ಲ."

ಆಯಿ ಒಲೆಯ ಮೇಲೆ ಸಣ್ಣ ಪಾತ್ರೆ ಇಟ್ಟು, ಬರೀ ಬಿಳಿ ಕಾಳನ್ನು ಹಾಕಿ ಎಲ್ಲರೆದುರು ಬೇಯಿಸಿದಳು. ಬೆಂದದ್ದನ್ನು ಅವ್ವನ ಅಂಗೈಗೆ ಹಾಕಿ, "ಹಿಚುಕು" ಎಂದಳು. ಅವ್ವ ಹಿಚುಕಿದಳು. ಹಿಟ್ಟಾಯಿತು.

"ಪ್ಲಾಸ್ಟಿಕ್ ಹಿಂಗ ಆಗತೈತೇನ? ಕೇಳ್ರಿ ಎಲ್ಲಾರೂ. ತಪ್ಪು ಅಕ್ಕೀದಲ್ಲ, ನಂದು. ಆರಿಸಿ ಆರಿಸಿ ನಿಮ್ಮ ಹುಡುಗ್ಯಾರ ಪಾಲಿಂದು ತಿಪ್ಪಿಗೆ ಚೆಲ್ಲೀನಿ."

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ತನಗೆ ಹೆಸರು ತಂದ ಕೆಲಸವನ್ನೇ ತಪ್ಪು ಎಂದು ಊರ ಹೆಂಗಸರ ಮುಂದೆ ಅವಳು ಹೇಳಿದಳು. ದೊಡ್ಡವರೊಬ್ಬರು ಹೀಗೆ ಹೇಳಿದ್ದನ್ನು ನಾನು ಕಂಡಿರಲೇ ಇಲ್ಲ.

ಅವ್ವ ಅಂಗೈಯಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ನುಂಗಿ, "ಉಪ್ಪಿಲ್ಲ" ಎಂದಳು. ಅಂಗಳವೇ ನಕ್ಕಿತು. ನಾನು ಅಲ್ಲೇ ಉಂಡೆ.

ಆಮೇಲೆ ಆಯಿಯನ್ನು ಹಿಡಿಯುವವರಿಲ್ಲ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂದು ಸಿಸ್ಟರ್ ಹೇಳಿದ್ದೇ ತಡ, ಎದುರಿನ ಚಹಾದಂಗಡಿಗೆ ಹೋಗಿ, "ನಮ್ಮ ಹುಡುಗ್ಯಾರು ಬಂದ್ರ ಓಡಸ್ರಿ" ಎಂದು ಹೇಳಿ ಬಂದಳು. ಸಾರಿಗೆ ನಿಂಬೆ ಹಿಂಡಿದಳು. ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣದಿಂದ ರಕ್ತ ಅಂದಾಜು ಮಾಡುವುದನ್ನು ಕಲಿತು, ಊಟದ ಸಾಲಿನಲ್ಲಿ ನಿಂತವರನ್ನೆಲ್ಲ ಹಿಡಿದು ನೋಡುತ್ತಿದ್ದಳು. ನನಗೆ ಮಾತ್ರ ತಿಂಗಳುಗಟ್ಟಲೆ ಒಂದೇ ಮಾತು: "ಇನ್ನೂ ಬಿಳಚ ಐತಿ." ನನ್ನ ರಕ್ತ ಏರಿದ್ದು ಗುಳಿಗೆಯಿಂದಲೋ, ಅನ್ನದಿಂದಲೋ, ಅವಳ ಕಾವಲಿನಿಂದಲೋ ಬಿಡಿಸಿ ಹೇಳಲಾರೆ. ಏರಿತು.

ಆಯಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಅವಳನ್ನು ನೆನೆದರೆ ಮಣ್ಣು ಮಾಡಿದ ದಿನ ನನ್ನ ಕಣ್ಣೆದುರು ಬರುವುದಿಲ್ಲ, ಬೈಲಹೊಂಗಲದ ಮೈದಾನ ಬರುತ್ತದೆ. ಹತ್ತನೇ ತರಗತಿಯಲ್ಲಿ ನಾನು ಆಡಿದ ತಾಲೂಕು ಪಂದ್ಯ. ಆಯಿ ಬಸ್ಸು ಹತ್ತಿ ಬಂದು, ಸೆರಗನ್ನು ಸೊಂಟಕ್ಕೆ ಸಿಗಿಸಿ, ಗೆರೆಯ ಪಕ್ಕ ನಿಂತು, "ಓಡ ನನ್ನವ್ವಾ, ಓಡ" ಎಂದು ಕೂಗುತ್ತಿದ್ದಳು. ನಾನು ಓಡಿದೆ. ಮೈದಾನ ಸಾಲದೆನ್ನುವಂತೆ ಓಡಿದೆ. ಯಾರಿಗೂ ನನ್ನನ್ನು ಮುಟ್ಟಲಾಗದೆ ಸರದಿ ಮುಗಿಯಿತು. ಆದರೂ ಒಂದು ಅಂಕದಿಂದ ಸೋತೆವು.

ಅಳುತ್ತ ಅವಳ ಬಳಿ ಹೋದೆ. ಸೋತದ್ದು ಅವಳಿಗೆ ತಿಳಿದೇ ಇರಲಿಲ್ಲ. ಮುಖ ಹಿಡಿದು ರೆಪ್ಪೆ ಎಳೆದಳು.

"ಅಳೂದ ನಿಂದ್ರಸ. ಅತ್ತರ ಎಲ್ಲಾರ ಕಣ್ಣೂ ಕೆಂಪ ಕಾಣತಾವ, ನಂಗ ತಿಳಿಯೂದಿಲ್ಲ."

ಸೆರಗಿನಿಂದ ಒರೆಸಿ, ನನ್ನ ಉಸಿರು ಹದಕ್ಕೆ ಬರುವವರೆಗೂ ಕಾದು, ಮತ್ತೆ ನೋಡಿದಳು. ಆಮೇಲೆ ಗೆದ್ದ ತಂಡದ ಹುಡುಗಿಯರತ್ತ ತಿರುಗಿ ಕೂಗಿ ಹೇಳಿದಳು:

"ಬರ್ರಿ, ನೀವೂ ಬಂದು ನೋಡ್ರಿ. ಕೆಂಪ ಐತಿ."