ಕಣಗಳ ಲೆಕ್ಕ ರದ್ದಿಗೆ ಹೋದದ್ದು

ಮಧ್ಯಾಹ್ನ ಎರಡಕ್ಕೆ ಇನ್ನೂ ಐದು ನಿಮಿಷವಿತ್ತು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ, ರೀಲು ಕತ್ತರಿಸುವ ಯಂತ್ರದ ಎಡಕ್ಕೆ, ರದ್ದಿ ಗುಂಡಿಯಿಂದ ಎರಡು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ವಾರ ಶುಕ್ರವಾರ. ವರ್ಷ ಅರವತ್ತಮೂರೋ ಅರವತ್ತನಾಲ್ಕೋ, ಖಚಿತವಾಗಿ ಹೇಳಲಾರೆ. ಉಳಿದದ್ದನ್ನು ಹೇಳಬಲ್ಲೆ.

ನಾನು ಅಲ್ಲಿ ಪಾಳಿಯ ಕಾರಕೂನ. ಗುಂಡಿಯಲ್ಲಿ ನೀರು ಸದಾ ತಿರುಗುತ್ತಿತ್ತು. ಹರಿದ, ಸುಕ್ಕಾದ ಕಾಗದವೆಲ್ಲ ಅದರಲ್ಲಿ ಬಿದ್ದು ಮತ್ತೆ ತಿರುಳಾಗುತ್ತಿತ್ತು. ಪಾಳಿ ಬದಲಾಗುವ ಮೊದಲು ಮೇಜು, ನೆಲ ಎರಡೂ ಬರಿದಾಗಬೇಕು. ನಮ್ಮ ರದ್ದಿಯನ್ನು ಮುಂದಿನ ಪಾಳಿಯವರಿಗೆ ಬಿಟ್ಟುಹೋಗುವುದು ನಮಗೆ ನಾಚಿಕೆಯ ಸಂಗತಿ.

ಆ ಮೇಜಿನಲ್ಲಿ ಕೂರುತ್ತಿದ್ದವರು ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದ ತರುಣರು. ಎಲ್ಲರೂ ಅವರನ್ನು ಮಾಸ್ತರ ಎನ್ನುತ್ತಿದ್ದೆವು. ಗಿರಾಕಿಗಳು ಕೇಳಿದ ಬೇರೆ ಬೇರೆ ಅಗಲಗಳನ್ನು ಒಂದು ರೀಲಿನಲ್ಲಿ ಹೇಗೆ ಹೊಂದಿಸಿದರೆ ಅಂಚಿನಲ್ಲಿ ಕಡಿಮೆ ಕಾಗದ ಹಾಳಾಗುತ್ತದೆಂದು ಲೆಕ್ಕ ಹಾಕುವುದು ಅವರ ಕೆಲಸ. ಅದು ಮುಗಿದರೆ ತಮ್ಮದೇ ಲೆಕ್ಕ ತೆಗೆಯುತ್ತಿದ್ದರು. ಎರಡು ಅತಿಸೂಕ್ಷ್ಮ ಕಣಗಳು ಡಿಕ್ಕಿಯಾದಾಗ ಒಳಗೇನು ನಡೆಯುತ್ತದೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೂ, ಅವು ಚದುರುವ ಪ್ರಮಾಣ ಯಾವ ಮಿತಿಯನ್ನು ದಾಟಲಾರದೆಂದು ಹೇಳಬಹುದೇ? ಎರಡು ಲೆಕ್ಕಗಳನ್ನೂ ಪೆನ್ಸಿಲ್ಲಿನಿಂದ, ಒಂದೇ ಬಗೆಯ ರದ್ದಿ ಹಾಳೆಗಳ ಮೇಲೆ ಬರೆಯುತ್ತಿದ್ದರು.

ಒಳ್ಳೆಯದು ಕೆಟ್ಟದ್ದು ನೋಡಿ ಹಾಳೆ ಆರಿಸುವ ಹೆಂಗಸೊಬ್ಬಳು ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ.

“ಮಾಸ್ತರ, ಕಣ್ಣಿಗಿ ಕಾಣಲಾರದ್ದಕ್ಕ ಇಷ್ಟ್ ಕಾಗದಾ ಬೇಕೇನ್ರಿ?”

“ಕಂಡಿದ್ರ ಕಾಗದಾ ಯಾಕ ಬೇಕಿತ್ತ ಯಕ್ಕಾ? ಬೊಟ್ಟ ಮಾಡಿ ತೋರಸ್ತಿದ್ನಿ.”

“ರೀಲ್ ಕೊಯ್ಯೂದೂ ಕಣಾ ಹಿಡಿಯೂದೂ ಒಂದ ಅಂತೀರಿ. ಹಂಗಾದ್ರ ನನಗೂ ಒಂದ್ ಡಿಗ್ರಿ ಕೊಡಸ್ರಿ!”

“ಒಂದ ಅಲ್ಲಬೇ. ಎರಡಕ್ಕೂ ಬೇಲಿ ಐತಿ. ಬೇಲಿ ಒಳಗ ಎಲ್ಲಿತನಕ ಹೋಗಾಕ ಬರ್ತೈತಿ, ಅಷ್ಟ ನಾ ಕೇಳೂದು.”

ಬರುವ ಸೋಮವಾರ ಅವರು ಧಾರವಾಡಕ್ಕೆ ಹೋಗಬೇಕಿತ್ತು. ಕಣಗಳ ಆ ಮಿತಿಯನ್ನು ಹಂತಹಂತವಾಗಿ ಸಾಧಿಸಿ, ಪೂರ್ತಿ ಬರೆದು ತಂದು ತೋರಿಸಿದರೆ ಸಂಶೋಧನೆಗೆ ಸೇರಿಸಿಕೊಳ್ಳುತ್ತೇನೆ ಎಂದು ಪ್ರಾಧ್ಯಾಪಕರೊಬ್ಬರು ಪತ್ರ ಬರೆದಿದ್ದರು. ಆ ಪತ್ರವನ್ನು ನನಗೂ ಓದಲು ಕೊಟ್ಟಿದ್ದರು.

ಆ ಶುಕ್ರವಾರ ಯಾರೋ ಕರೆದರೆಂದು ಮಾಸ್ತರ ಯಂತ್ರದ ಆಚೆಗೆ ಹೋದರು. ಮೇಜಿನ ಮೇಲೆ ಸುತಳಿ ಕಟ್ಟಿದ ಹಾಳೆಗಳ ಕಟ್ಟು ಇತ್ತು. ಮೇಲಿನ ಹಾಳೆಯಲ್ಲಿ ರೀಲಿನ ಅಗಲಗಳಿದ್ದವು. ತಮ್ಮ ವಿಧಾನವನ್ನು ತಿಳಿಸಲು ರೀಲನ್ನೇ ಮೊದಲ ಉದಾಹರಣೆ ಮಾಡಿಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು. ನಾನು ಮುಗಿದುಹೋದ ನಿನ್ನೆಯ ರೀಲಿನ ಲೆಕ್ಕವೆಂದುಕೊಂಡೆ. ಆದರೆ ಮೂಲೆ ಎತ್ತಿ ಎರಡನೆಯ ಹಾಳೆಯನ್ನೂ ನೋಡಿದೆ. ರೀಲಿನ ಲೆಕ್ಕದಲ್ಲಿ ಇರಲೇಬೇಕಾದ ಅಂಗುಲದ ಗುರುತು ಅದರಲ್ಲಿ ಒಂದೂ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಪಾಳಿ ಮುಗಿಯಿತೆಂದು ಕಾರ್ಖಾನೆಯ ಭೋಂಗಾ ಕೂಗಿತು. ಗುಂಡಿಗೆ ಸುತಳಿ ಹಾಕಬಾರದೆಂಬ ನಿಯಮವಿತ್ತು. ಅದನ್ನು ಬಿಚ್ಚಿ ಕಿಸೆಯಲ್ಲಿಟ್ಟುಕೊಂಡು ಹಾಳೆಗಳನ್ನು ಒಳಗೆ ಹಾಕಿದೆ. ಹಾಳೆ ಆರಿಸುವವಳು ಎದುರಿಗೇ ನಿಂತಿದ್ದಳು.

ಮಾಸ್ತರ ಬಂದರು. “ಇಲ್ಲಿದ್ದ ಕಟ್ಟ ಎಲ್ಲೈತ್ರಿ?”

“ನಾ ನೋಡಿಲ್ರಿ” ಎಂದೆ.

ಅವರು ಮೊಣಕಾಲೂರಿ ಮೇಜಿನ ಕೆಳಗೆ ಹುಡುಕಿದರು. ನಾನೂ ಅವರ ಜೊತೆ ಹುಡುಕಿದೆ. ಅವಳು ನನ್ನ ಮುಖ ನೋಡಿದಳು, ಬುತ್ತಿ ಎತ್ತಿಕೊಂಡು ಹೊರಟುಹೋದಳು.

ಮಾಸ್ತರ ಎರಡು ದಿನ ಕೂತು ನೆನಪಿನಿಂದ ಮತ್ತೆ ಬರೆದರು. ನಡುವಿನ ಒಂದು ಹಂತ ಮರಳಿ ಬರಲೇ ಇಲ್ಲ. ಧಾರವಾಡಕ್ಕೆ ಹೋಗಿ ಬಂದ ಮೇಲೆ, “ಮಿತಿ ಖರೆ ಇರಬಹುದು, ಆದ್ರ ನೀವು ಸಾಧಿಸಿಲ್ಲ ಅಂದ್ರು ಪ್ರಾಧ್ಯಾಪಕರು” ಎಂದಷ್ಟೇ ಹೇಳಿದರು. ಆಮೇಲೆ ಅವರ ಮೇಜಿನ ಮೇಲೆ ರೀಲಿನ ಲೆಕ್ಕ ಮಾತ್ರ ಇರುತ್ತಿತ್ತು. ಆ ಹಂತ ಮೊದಲೇ ತಪ್ಪಿದ್ದಿರಲೂಬಹುದು. ತಪ್ಪೋ ಸರಿಯೋ ಎಂದು ಯಾರೂ ನೋಡದಂತೆ ಮಾಡಿದವನು ನಾನು.

ಕೆಲವು ವರ್ಷಗಳ ಮೇಲೆ ಅವರು ಅಂಬಿಕಾನಗರಕ್ಕೆ ಕೆಲಸಕ್ಕೆ ಹೋದರು. ನಡೆದದ್ದನ್ನು ಹೇಳಬೇಕೆಂದೇ ಎರಡು ಸಲ ಅಲ್ಲಿಗೆ ಹೋದೆ. ಎರಡೂ ಸಲ ಚಹಾ ಕುಡಿದು ಮರಳಿದೆ. ಅವರು ಈಗಿಲ್ಲ.

ನಾನು ಹಾಳೆಗಳನ್ನು ಗುಂಡಿಗೆ ಹಾಕಿದ್ದನ್ನು ಕಂಡವಳು ಆ ಹೆಂಗಸೊಬ್ಬಳೇ. ಅಂಬೇವಾಡಿಯಲ್ಲಿ ಮಗಳ ಮನೆಯಲ್ಲಿದ್ದಾಳೆ, ನೆನಪು ಚೆನ್ನಾಗಿದೆ. ನಾನು ಬರೆದುದರಲ್ಲಿ ಹೆಚ್ಚುಕಡಿಮೆಯಿದ್ದರೆ ಅವಳನ್ನು ಕೇಳಬಹುದು.