ನನ್ನ ಅಳತೆಯ ಜೋಲಿ ಹುಡುಕಿಕೊಂಡು

ದಸರಾ ಸೂಟಿಗೆ ನೀವು ಮೊಮ್ಮಕ್ಕಳು ಬರಲು ಇನ್ನೂ ಒಂದು ವಾರವಿದ್ದಾಗ, ಒಂದು ಬುಧವಾರ ಬೆಳಿಗ್ಗೆ, ನಾನು ಮತ್ತು ನಿಮ್ಮ ಕಸ್ತೂರಿ ಅಜ್ಜಿ ಮಂಠಾಳದಲ್ಲಿ ಬಸ್ಸು ಹತ್ತಿದೆವು. ಕಸ್ತೂರಿ ನನ್ನ ನೆಗೆಣ್ಣಿ, ನಿಮ್ಮ ಅಜ್ಜನ ತಮ್ಮನ ಹೆಂಡತಿ. ಅವಳಿಲ್ಲದೆ ನಾನು ಊರು ದಾಟುವುದು ಕಡಿಮೆ. ಅಂಗಡಿಯವರ ಮುಂದೆ ನನ್ನ ಬಾಯಿ ಏಳುವುದಿಲ್ಲ, ಅವಳ ಬಾಯಿ ಮುಚ್ಚುವುದಿಲ್ಲ. ಹೆಣ್ಣುಮಕ್ಕಳಿಗೆ ಈಗ ಬಸ್ಸಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ ಸೊನ್ನೆ ಬರೆದ ಚೀಟಿ ಹರಿದು ಕೊಡುತ್ತಾನೆ.

ಹೋದ ಕೆಲಸ ಹೇಳುತ್ತೇನೆ. ಪಲ್ಲವಿ ಕಲಬುರಗಿಯಿಂದ ಫೋನು ಮಾಡಿ, ‘ಅಜ್ಜಿ, ಈ ಸಲ ನಾವೆಲ್ಲ ಒಂದು ರಾತ್ರಿ ಹೊಲದಾಗ, ಬಾವಿ ಹತ್ರ ಮಲಗೋಣ. ನೀನೂ ಬಾ’ ಎಂದಿದ್ದಳು. ನೆಲದ ಮೇಲೆ ಮಲಗಿದರೆ ಏಳಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಮಂಚ ಒಯ್ಯೋಣವೆಂದರೆ ನಡುವೆ ಹಳ್ಳವಿದೆ. ‘ನಾ ಮನಿ ಕಾಯ್ತೀನಿ, ನೀವು ಹೋಗಿ ಬರ್ರಿ’ ಎಂದೆ. ಸ್ವಲ್ಪ ಹೊತ್ತಿಗೆ ಅವಳು ಸೊಸೆಯ ಫೋನಿಗೆ ಒಂದು ಚಿತ್ರ ಕಳಿಸಿದಳು. ಎರಡು ಮರಗಳ ನಡುವೆ ಬಟ್ಟೆಯ ಜೋಲಿ, ಅದರಲ್ಲಿ ಒಬ್ಬ ದೊಡ್ಡ ಮನುಷ್ಯ ನಿಶ್ಚಿಂತನಾಗಿ ಮಲಗಿದ್ದ. ಅದಕ್ಕೆ ಹ್ಯಾಮಕ್ ಎನ್ನುತ್ತಾರಂತೆ. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದೆನೋ.

ಜೋಳ ತೆನೆಗೆ ಬಂದಾಗ ನಿಮ್ಮ ಅಜ್ಜ ಹೊಲ ಕಾಯಲು ಅಟ್ಟಣೆಯ ಮೇಲೆ ಮಲಗುತ್ತಿದ್ದರು. ನಾನು ರೊಟ್ಟಿಯ ಗಂಟು ಕೊಟ್ಟು, ಹೊತ್ತು ಮುಳುಗುವುದರೊಳಗೆ ಮನೆ ಸೇರುತ್ತಿದ್ದೆ. ಬೆಳಿಗ್ಗೆ ಅವರು ಬಂದಾಗ ಮೀಸೆಯ ಮೇಲೆ ಇಬ್ಬನಿ ಇರುತ್ತಿತ್ತು. ಅದು ಬೀಳುವ ಹೊತ್ತು ಹೊಲ ಹೇಗಿರುತ್ತದೆ ಎಂದು ಕೇಳಬೇಕೆನಿಸುತ್ತಿತ್ತು, ಕೇಳುತ್ತಿರಲಿಲ್ಲ. ಈಗ ನಾನೇ ಹೋಗಿ ನೋಡಬಹುದು ಎನಿಸಿತು. ಯಾರ ಕೈ ಹಿಡಿಯದೆ ಏರಿ ಇಳಿಯಲು ಬರುವಂಥ ಜೋಲಿ ಸಾವಿರ ರೂಪಾಯಿಯೊಳಗೆ ಸಿಕ್ಕರೆ ನಿಮ್ಮ ಜೊತೆ ಬರುವುದು, ಸಿಗದಿದ್ದರೆ ಸುಮ್ಮನೆ ಮನೆಯಲ್ಲಿರುವುದು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡು ಹೊರಟೆ.

ಹಿಂದಿನ ದಿನ ಮಳೆ ಬಿದ್ದಿತ್ತು. ತೊಗರಿ ಹೂವಾಗಿತ್ತು. ಬಸ್ಸು ಓಡಿದಷ್ಟೂ ಕಿಟಕಿಯ ಆಚೆ ಹಳದಿ ಹರಿಯುತ್ತಿತ್ತು. ರಸ್ತೆಯ ಬದಿಯಲ್ಲಿ ಸೋಯಾ ರಾಶಿ ಹರಡಿದ್ದರು. ಬಸವಕಲ್ಯಾಣ ಮುಟ್ಟುವವರೆಗೆ ನಾನು ನೋಡಿದ್ದೆಲ್ಲ ಮರಗಳನ್ನೇ. ಬೇವು, ಹುಣಸೆ, ಮತ್ತೆ ಬೇವು. ಯಾವ ಎರಡು ಮರಗಳ ನಡುವೆ ಎಷ್ಟು ಜಾಗವಿದೆ ಎಂದು ಕಣ್ಣು ತಾನಾಗಿಯೇ ಅಳೆಯುತ್ತಿತ್ತು.

ಬಸವಕಲ್ಯಾಣದ ಪೇಟೆಯಲ್ಲಿ ಚಾಪೆ, ಸೊಳ್ಳೆಪರದೆ, ತೊಟ್ಟಿಲು ಮಾರುವ ಅಂಗಡಿಯೊಂದಕ್ಕೆ ಹೋದೆವು. ಮಾಲೀಕ ನಗುಮುಖದವನು.

‘ಬರ್ರಿ ಅಕ್ಕಾ, ಏನ್ ಕೊಡ್ಲಿ?’

‘ಜೋಲಿ ಬೇಕಾಗಿತ್ರಿ’ ಎಂದೆ.

‘ಕೂಸಿಗಿ ಎಷ್ಟು ತಿಂಗಳರಿ?’

ಆಗಲೇ ‘ನನಗ್ರಿ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ನನ್ನ ಬಾಯಿಂದ ‘ಎಂಟು’ ಎಂದು ಬಂತು.

ಅವನು ಸಡಗರದಿಂದ ಒಂದೊಂದೇ ತೆಗೆದ. ಸ್ಪ್ರಿಂಗಿನದು, ಗುಲಾಬಿ ಪರದೆಯದು, ಗಿಲಕಿ ಕಟ್ಟಿದ್ದು. ನಾನು ಒಂದೊಂದನ್ನೂ ಮುಟ್ಟಿ ತಲೆಯಾಡಿಸಿದೆ.

‘ಕೂಸು ಮೈತುಂಬ ಅದನೋ, ಸಣ್ಣದರಿ?’ ಎಂದು ಕೇಳಿದ.

ಕಸ್ತೂರಿ ಅಷ್ಟು ಹೊತ್ತು ತಡೆದದ್ದೇ ದೊಡ್ಡದು. ‘ಮೈತುಂಬ ಅದರಿ. ಹಲ್ಲು ಬಂದು ಎರಡು ಬಿದ್ದೂ ಹೋಗ್ಯಾವ. ಮೊಣಕಾಲು ಹಿಡಕೊಂಡಾವ. ವಯಸ್ಸು ಅರವತ್ತಾರು. ನೋಡ್ರಿ, ನಿಮ್ಮ ಮುಂದೇ ನಿಂತದ!’

ಅಂಗಡಿಗೆ ಅಂಗಡಿಯೇ ನಕ್ಕಿತು. ಮಾಲೀಕನೂ ನಕ್ಕ, ಆದರೆ ಕೆಟ್ಟ ನಗುವಲ್ಲ. ‘ಹಂಗಂತ ಮೊದಲೇ ಹೇಳಬಾರದೇನ್ರಿ ಅಕ್ಕಾ! ದೊಡ್ಡೋರದೂ ಅದ’ ಎಂದು ಹಗ್ಗದ ಬಲೆಯೊಂದನ್ನು ತಂದು ಅಂಗಡಿಯ ಮುಂದಿನ ಕಬ್ಬಿಣದ ಕೊಂಡಿಗಳಿಗೆ ಸಿಕ್ಕಿಸಿದ. ಎರಡೂ ತುದಿಗೆ ಕಟ್ಟಿಗೆಯ ದಾಂಡು, ನೋಡಲು ಚೆಂದ. ಆರುನೂರ ಐವತ್ತು ಎಂದ. ‘ಏರಿ ನೋಡ್ರಿ.’

ಬೀದಿಯಲ್ಲಿ ಹೋಗುವವರು ನಿಂತಿದ್ದರು. ನಾನು ಬರಿ ಕೈಯಿಂದ ಒತ್ತಿ ನೋಡಿದೆ. ಒಂದು ಅಂಚನ್ನು ಒತ್ತಿದರೆ ದಾಂಡಿನ ಸಮೇತ ಬಲೆಯೆಲ್ಲ ಮಗುಚಿಕೊಳ್ಳುತ್ತಿತ್ತು. ಸೆರಗಿನ ಅಂಚು ಬಲೆಯ ಕಣ್ಣಿನಲ್ಲಿ ಸಿಕ್ಕಿಬಿತ್ತು. ಬಿಡಿಸಿಕೊಳ್ಳುತ್ತಲೇ ‘ಬ್ಯಾಡ್ರಿ’ ಎಂದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ಹುಮನಾಬಾದಿನಲ್ಲಿ ರಾಶಿ ಮುಚ್ಚುವ ತಾಡಪತ್ರಿ, ಹಗ್ಗ ಮಾರುವ ಅಂಗಡಿಯಿದೆ, ಅಲ್ಲಿ ಬಟ್ಟೆಯ ಜೋಲಿ ಸಿಗುತ್ತದೆ ಎಂದು ಗುರುತು ಹೇಳಿ ಕಳಿಸಿದ.

ಆಟೋದಲ್ಲಿ ಕೆರೆಯ ಕಡೆಗೆ ಹೋಗಿ ದಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ನೀರಿನ ಮೇಲೆ ಮೋಡದ ನೆರಳು ಬಹಳ ನಿಧಾನವಾಗಿ ಸರಿಯುತ್ತಿತ್ತು. ನಾನು ಮನೆಗೆ ಹೋಗೋಣ ಎಂದೆ. ಕಸ್ತೂರಿ ರೊಟ್ಟಿ ಮುರಿಯುತ್ತ, ‘ಹುಮನಾಬಾದಿಗಿ ಹೋಗೋದೇ. ಅಲ್ಲಿನೂ ಎಂಟು ತಿಂಗಳು ಅಂದ್ಯಂದ್ರ ಯಕ್ಕಾ, ಹಾಲಿನ ಬಾಟ್ಲಿ ತಂದು ಬಾಯಾಗಿಡ್ತೀನಿ’ ಎಂದಳು.

ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು ಮೂವತ್ತು ಕಿಲೋಮೀಟರ್. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೆದ್ದಾರಿಗೆ ಹೊರಳಿತು. ಆಮೇಲೆ ಕುಲುಕಾಟವಿಲ್ಲ, ಬರೀ ತೂಗಾಟ. ಊಟದ ಮೇಲಿನ ಬಿಸಿಲು, ಕಿಟಕಿಯ ಗಾಳಿ, ಕಣ್ಣು ಮುಚ್ಚಿತು. ಎಚ್ಚರವೋ ನಿದ್ದೆಯೋ ತಿಳಿಯದಂತೆ ನನ್ನ ತವರಿನ ಹುಣಸೆ ಮರ ಕಂಡಿತು. ಪಂಚಮಿ ಹಬ್ಬಕ್ಕೆ ಅದರ ಕೊಂಬೆಗೆ ಜೋಕಾಲಿ ಕಟ್ಟುತ್ತಿದ್ದರು. ಮೇಲೆ ಹೋದಾಗ ಮಾಳಿಗೆಗಳ ಆಚೆ ಹಸಿರು ಹೊಲ, ಕೆಳಗೆ ಬಂದಾಗ ಅವ್ವನ ಮುಖ. ಮದುವೆಯಾದ ಮೇಲೆ ಮಂಠಾಳದಲ್ಲಿ ಕಸ್ತೂರಿ ಮತ್ತು ನಾನು ಎದುರುಬದುರು ನಿಂತು ಜೀಕುತ್ತಿದ್ದೆವು. ನಿಮ್ಮ ಅಜ್ಜ ಹೋದ ಮೇಲೆ ನಾನು ಜೋಕಾಲಿ ಏರಿಲ್ಲ. ಯಾರೂ ಬೇಡ ಎನ್ನಲಿಲ್ಲ. ಬಾ ಎಂದೂ ಯಾರೂ ಅನ್ನಲಿಲ್ಲ. ಪಂಚಮಿಯ ದಿನ ನನಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಇದ್ದೇ ಇರುತ್ತಿತ್ತು. ರಾಜೇಶ್ವರದಲ್ಲಿ ಬಸ್ಸು ನಿಂತಾಗ ಬೆಚ್ಚಿ ಕಣ್ಣು ತೆರೆದೆ.

ಹುಮನಾಬಾದಿನಲ್ಲಿ ಇಳಿದಾಗ ಬಿಸಿಲು ಜೋರಾಗಿತ್ತು. ಒಂದೊಂದು ಚಹಾ ಕುಡಿದು ಅಂಗಡಿ ಹುಡುಕಿದೆವು. ಅದು ಗಂಡಹೆಂಡಿರ ಅಂಗಡಿ. ಮುಂದೆ ಗಂಡ ಖಾಜಾಸಾಬ ಹಗ್ಗ ತೂಗಿ ಕೊಡುತ್ತಿದ್ದರು. ಹಿಂದಿನ ಅಂಗಳದಲ್ಲಿ ಹೆಂಡತಿ ಮಹಬೂಬಿ ಮಷೀನಿನ ಮೇಲೆ ತಾಡಪತ್ರಿಯ ಅಂಚು ಹೊಲಿಯುತ್ತಿದ್ದರು. ಈ ಸಲ ಕಸ್ತೂರಿಯೇ ಮೊದಲು ಬಾಯಿ ತೆಗೆದು, ಜೋಲಿ ಯಾರಿಗೆ ಎಂದು ನನ್ನತ್ತ ಬೆರಳು ತೋರಿಸಿ ಹೇಳಿಬಿಟ್ಟಳು.

ಖಾಜಾಸಾಬ ಎರಡು ತೋರಿಸಿದರು. ಒಂದು ದಪ್ಪ ಕ್ಯಾನ್ವಾಸಿನದು. ಗಟ್ಟಿ, ನಾಲ್ಕುನೂರಕ್ಕೆ ಸಿಗುತ್ತಿತ್ತು. ಆದರೆ ಎತ್ತಿ ನೋಡಿದರೆ ಜೋಳದ ಚೀಲದ ಭಾರ. ಹಳ್ಳ ದಾಟಿಸುವುದು ನನ್ನಿಂದಾಗದು. ಇನ್ನೊಂದು ನುಣುಪು ನೈಲಾನಿನ ಹಸಿರು ಬಟ್ಟೆ, ಮಡಚಿದರೆ ರೊಟ್ಟಿಯ ಡಬ್ಬಿಯಷ್ಟು. ಏಳುನೂರ ಎಂಬತ್ತು. ಹಗ್ಗ ಬೇರೆ.

‘ಹಿಂದ ಬರ್ರಿ ಅಕ್ಕಾ’ ಎಂದರು ಮಹಬೂಬಿ. ‘ಬೇವಿನ ಗಿಡ ಅದ, ಕಂಬ ಅದ. ಕಟ್ಟಿ ಕೊಡ್ತೀನಿ, ಮಲಗಿ ನೋಡ್ರಿ. ಅಲ್ಲಿ ಗಂಡಸರು ಯಾರೂ ಬರಂಗಿಲ್ಲ.’

ಅವರು ಮತ್ತು ಕಸ್ತೂರಿ ಸೇರಿ ಕಟ್ಟಿದರು. ಇಬ್ಬರೂ ಮಕ್ಕಳನ್ನು ಹೆತ್ತು ತೂಗಿದವರು. ಅದೇ ರೂಢಿಯಲ್ಲಿ, ನಾಯಿ ಮುಟ್ಟದಷ್ಟು ಎತ್ತರಕ್ಕೆ, ಎಳೆದು ಬಿಗಿಯಾಗಿ ಕಟ್ಟಿದರು. ಜೋಲಿ ನನ್ನ ಎದೆಯ ಮಟ್ಟಕ್ಕೆ ನಿಂತಿತು.

‘ನಿನ್ನ ಎತ್ತಿ ಹಾಕಲಾಕ ನಾಕು ಮಂದಿ ಬೇಕು’ ಎಂದಳು ಕಸ್ತೂರಿ.

ಬಿಚ್ಚಿ, ಈ ಸಲ ಮಂಚದಷ್ಟು ಎತ್ತರಕ್ಕೆ, ಸಡಿಲವಾಗಿ, ನಡುಭಾಗ ಇಳಿಬೀಳುವಂತೆ ಕಟ್ಟಿದರು. ತೆಳು ಹಗ್ಗ ಬೇವಿನ ತೊಗಟೆಯನ್ನು ಕೊರೆಯುತ್ತಿತ್ತು. ಮಹಬೂಬಿ ಮಂಚಕ್ಕೆ ಹೆಣೆಯುವ ಅಗಲವಾದ ನವಾರ ಪಟ್ಟಿ ತಂದು ಮರಕ್ಕೆ ಸುತ್ತಿದರು. ಇನ್ನು ಏರುವುದಷ್ಟೇ ಬಾಕಿ. ನಾನು ಅಂಚು ಹಿಡಿದು ನಿಂತೆ. ಜೋಲಿ ಗಾಳಿಗೆ ಸಣ್ಣಗೆ ತೂಗಿತು. ನನ್ನ ಕಾಲು ಮುಂದಾಗಲಿಲ್ಲ.

‘ಯಾಕ ನಿಂತಿ?’ ಎಂದಳು ಕಸ್ತೂರಿ.

‘ಇದು ಜೋಕಾಲಿನೇ ಅಲ್ಲೇನೇ ಕಸ್ತೂರಿ?’ ಎಂದೆ, ಮಹಬೂಬಿಗೆ ಕೇಳಿಸದ ಹಾಗೆ.

ಅವಳು ಚೇಷ್ಟೆ ಮಾಡುತ್ತಾಳೆಂದುಕೊಂಡಿದ್ದೆ. ಮಾಡಲಿಲ್ಲ. ‘ಹೂಂ, ಜೋಕಾಲಿನೇ. ಏನೀಗ? ಇಷ್ಟು ವರ್ಷ ನಾ ಒಬ್ಬಾಕಿನೇ ಜೀಕಿ ಜೀಕಿ ಬ್ಯಾಸರಾಗ್ಯದ. ಏರು.’

ಏರಿದೆ. ಅಂಚಿನ ಮೇಲೆ ಕುಳಿತೆನೋ ಇಲ್ಲವೋ, ಬಟ್ಟೆ ಹಿಂದಕ್ಕೆ ಓಡಿ ನಾನು ತಾಡಪತ್ರಿಯ ರಾಶಿಯ ಮೇಲೆ ಬಿದ್ದೆ. ಪೆಟ್ಟಾಗಲಿಲ್ಲ. ನಗು ಬಂತು, ಎಷ್ಟು ಬಂತೆಂದರೆ ಏಳಲಾಗಲಿಲ್ಲ. ಇಬ್ಬರೂ ನಗುತ್ತಲೇ ಎತ್ತಿದರು. ಎರಡನೇ ಸಲ ಉಪಾಯ ಮಾಡಿದೆ. ನಾನು ಉಡುವುದು ಕಚ್ಚೆ ಸೀರೆ. ಸಸಿ ಹಚ್ಚುವಾಗ ಬದು ದಾಟಿದಂತೆ ಒಂದು ಕಾಲು ಆಚೆ ಹಾಕಿ, ಜೋಲಿಯನ್ನು ನಡುವೆ ಹಿಡಿದು, ಮಧ್ಯದಲ್ಲಿ ಕುಳಿತೆ. ಅದು ಅಲುಗಲಿಲ್ಲ. ಕಾಲು ಒಳಗೆಳೆದುಕೊಂಡು ಮಲಗಿದೆ. ನೇರ ಮಲಗಿದರೆ ಬಟ್ಟೆ ಎರಡೂ ಕಡೆಯಿಂದ ಹೆಗಲನ್ನು ಒತ್ತಿತು, ಹುಣಸೆ ಕಾಯಿಯೊಳಗಿನ ಬೀಜದಂತಾದೆ. ಸ್ವಲ್ಪ ಓರೆಯಾಗಿ, ತಲೆ ಒಂದು ಮೂಲೆಗೆ, ಕಾಲು ಇನ್ನೊಂದು ಮೂಲೆಗೆ ಮಾಡಿದಾಗ ಬಟ್ಟೆ ಹರಡಿ ಬೆನ್ನು ಸಮವಾಯಿತು.

ಆಮೇಲೆ ಏನಾಯಿತೆಂದು ಹೇಳಲು ಬಹಳವಿಲ್ಲ. ಕಸ್ತೂರಿ ಒಂದು ಬೆರಳಿನಿಂದ ತೂಗಿದಳು. ಮೇಲೆ ಬೇವಿನ ಎಲೆ, ಎಲೆಗಳ ನಡುವೆ ಸಣ್ಣ ಸಣ್ಣ ಆಕಾಶ. ಅವು ಕೂಡುತ್ತಿದ್ದವು, ಬಿಡುತ್ತಿದ್ದವು. ಮಷೀನಿನ ಸದ್ದು ದೂರ ಹೋಯಿತು. ನನ್ನ ಮೈಗೆ ಭಾರವೆಂಬುದು ಇದೆ ಎಂದೇ ಮರೆತೆ. ಅಟ್ಟಣೆಯ ಮೇಲೆ ಮಲಗಿದವರು ನೋಡುತ್ತಿದ್ದದ್ದು ಇದನ್ನೇ ಇರಬೇಕು ಎನಿಸಿತು. ಎಷ್ಟು ಹೊತ್ತು ಹೋಯಿತೋ, ಕಣ್ಣು ತೆರೆದಾಗ ಮಹಬೂಬಿ ಹೊಲಿಗೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ‘ನಿದ್ದಿ ಹತ್ತಿತ್ತು ನಿಮಗ’ ಎಂದರು ಮೆಲ್ಲಗೆ.

ಇಳಿಯುವುದು ಉಳಿದಿತ್ತು. ಕಸ್ತೂರಿ ಕೈ ಚಾಚಿದಳು, ನಾನು ಹಿಡಿಯಲಿಲ್ಲ. ಮೊದಲು ಒಂದು ಕಾಲು ಆಚೆ, ಇನ್ನೊಂದು ಈಚೆ, ಎರಡೂ ಪಾದ ನೆಲಕ್ಕೆ ಗಟ್ಟಿಯಾಗಿ ಊರಿ, ಮಂಚದಿಂದ ಎದ್ದ ಹಾಗೆ ಎದ್ದೆ. ಮೊಣಕಾಲು ಏನೂ ಅನ್ನಲಿಲ್ಲ.

ಖಾಜಾಸಾಬ ಹಗ್ಗ, ನವಾರ ಎಲ್ಲ ಸೇರಿಸಿ ಸಾವಿರದ ಐವತ್ತು ಎಂದರು. ಒಳಗಿನಿಂದ ಮಹಬೂಬಿ, ‘ಸಾವಿರ ತಗೋರಿ, ಅಂಗಡಿ ತೆಗದಾಗಿಂದ ಇಲ್ಲಿ ಮಲಗಿ ಎದ್ದ ಗಿರಾಕಿ ಇವರೊಬ್ಬರೇ’ ಎಂದು ಕೂಗಿದರು. ಖಾಜಾಸಾಬ ಸಾವಿರ ಎಣಿಸಿಕೊಂಡು ಎಲ್ಲವನ್ನೂ ಚೀಲಕ್ಕೆ ಹಾಕಿಕೊಟ್ಟರು.

ಹೊತ್ತು ಇಳಿಯುವಾಗ ಮರಳುವ ಬಸ್ಸು ಸಿಕ್ಕಿತು. ಕಸ್ತೂರಿ ಕೂತ ಕೂಡಲೇ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಕಂಡಕ್ಟರ್ ಬಂದು ಕಾರ್ಡು ನೋಡಿ, ನನ್ನ ತೊಡೆಯ ಮೇಲಿನ ಚೀಲದಿಂದ ಹೊರಗಿಣುಕಿದ ಹಸಿರು ಬಟ್ಟೆ ಕಂಡು, ‘ಏನದರೀ ಅಮ್ಮಾ ಇದು?’ ಎಂದು ಕೇಳಿದ.

‘ಜೋಲಿ ಅದರಿ.’

‘ಮೊಮ್ಮಕ್ಕಳಿಗ್ರಿ?’

ನನ್ನ ಪರವಾಗಿ ಹೇಳುವವಳು ನಿದ್ದೆಯಲ್ಲಿದ್ದಳು. ‘ಅಲ್ರಿ’ ಎಂದೆ. ‘ನನಗ. ಹೊಲದಾಗ ಮಲಗಾಕ.’

ಮುಂದಿನ ಸೀಟಿನವರು ತಿರುಗಿ ನೋಡಿದರು. ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ‘ಮಳಿ ನಿಂತದ, ಈಗ ಮಲಗಾಕ ಚಲೋ ಇರ್ತದ ಬಿಡ್ರಿ’ ಎಂದು ಕಂಡಕ್ಟರ್ ಮುಂದಕ್ಕೆ ಹೋದ.

ಬಸ್ಸು ಊರು ಬಿಟ್ಟಿತು. ಹಿಂದೆ ತಿರುಗಿ ನೋಡಿದೆ. ಹುಮನಾಬಾದಿನ ಮಾಳಿಗೆಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಬೇವಿನ ತಲೆ, ಎಲ್ಲದರ ಮೇಲೂ ಸಂಜೆಯ ಧೂಳು ಬೆಳಕು. ನಾನು ಮಲಗಿದ್ದ ಅಂಗಳದ ಬೇವು ಯಾವುದೆಂದು ಗುರುತು ಸಿಗಲಿಲ್ಲ. ಮುಂದಕ್ಕೆ ತಿರುಗಿ ಕೂತೆ. ನಮ್ಮ ಹೊಲದ ಬಾವಿಯ ಹತ್ತಿರ ಮಾವಿನ ಮರಗಳು ಐದಿವೆ. ಮಂಠಾಳ ಬರುವವರೆಗೆ ಅವುಗಳಲ್ಲಿ ನನಗೆ ಯಾವ ಎರಡು ಬೇಕೆಂದು ಆರಿಸುತ್ತಲೇ ಇದ್ದೆ.